ಆ ಆಮೆನ್ ನನಗೆ ವಾಪಸು ಬೇಕು

ತೊಂಗ್ಯೊಂಗ್
ಏಪ್ರಿಲ್ 2, 1998

ಮಗ ಗಿಹ್ವಾನ್‌ಗೆ ಅಮ್ಮನ ಆಶೀರ್ವಾದ.

ನೀನೂ ಸೊಸೆಯೂ ಸೌಖ್ಯವಾಗಿದ್ದೀರೆಂದು ನಂಬಿದ್ದೇನೆ. ಊರು ಮುಟ್ಟಿದ ಕೂಡಲೇ ಬರೆಯುತ್ತೇನೆ ಎಂದು ಇಂಚೊನ್‌ನಲ್ಲಿ ಬಸ್ಸು ಹತ್ತುವಾಗ ಹೇಳಿದ್ದೆ. ಇಷ್ಟು ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಕೈ ನೋವಿತ್ತು ಎನ್ನಬಹುದು. ಆದರೆ ಚಿಪ್ಪು ಒಡೆದು ಕಡಲ ಸಿಂಪಿ ಬಿಡಿಸುವವಳ ಕೈ ನೋಯದೆ ಇದ್ದದ್ದು ಯಾವಾಗ? ಬರೆದೆ, ಹರಿದೆ, ಮತ್ತೆ ಬರೆದೆ. ಫೋನು ಮಾಡೋಣವೆಂದರೆ, ನಾನು ಎರಡು ಮಾತಾಡುವಷ್ಟರಲ್ಲಿ ನೀನು "ಅಮ್ಮಾ, ಪ್ರಾರ್ಥನೆ ಮಾಡೋಣ" ಎಂದು ಶುರುಮಾಡಿಬಿಡುತ್ತೀಯ. ನೀನು ಕಣ್ಣು ಮುಚ್ಚಿದ ಮೇಲೆ ನಾನು ಬಾಯಿ ಮುಚ್ಚಬೇಕಾಗುತ್ತದೆ. ಕಾಗದಕ್ಕೆ ಹಾಗೆ ಅಡ್ಡ ಬರಲು ನಿನ್ನಿಂದ ಆಗುವುದಿಲ್ಲ.

ಇಲ್ಲಿ ಸಿಂಪಿಯ ಕೆಲಸ ಮುಗಿಯುತ್ತ ಬಂತು. ಶೆಡ್ಡಿನಲ್ಲಿ ನನ್ನ ಪಕ್ಕ ಕೂರುವ ಬಾಂಗ್ ಅಕ್ಕನಿಗೆ ಹೊಸ ಹಲ್ಲು ಕಟ್ಟಿಸಿದ್ದಾರೆ. "ಈ ಹಲ್ಲು ಹಾಕ್ಕೊಂಡ್ರೆ ತಿನ್ನಕ್ಕಾಗಲ್ಲ, ತೆಗೆದ್ರೆ ನಗಕ್ಕಾಗಲ್ಲ. ಅದಕ್ಕೇ ಬೈಯೋ ಕೆಲಸ ಒಂದೇ ಇಟ್ಕೊಂಡಿದೀನಿ" ಎನ್ನುತ್ತಾಳೆ. ನಮ್ಮ ಪಾಸ್ಟರಮ್ಮನ ಮಂಡಿ ನೋವು ಇಳಿದಿಲ್ಲ. ಅಪ್ಪನ ಸಮಾಧಿಯ ಮೇಲೆ ಹುಲ್ಲು ಚಿಗುರಿದೆ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ.

ಆ ಶನಿವಾರ ನಿಮ್ಮ ಚರ್ಚಿನಲ್ಲಿ ನೀನು ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ. ದೇವರ ಸೇವೆಗೆ ಹೊರಟ ಹುಡುಗ ಹುಡುಗಿಯರು ಹಿಂದೆ ಕಿಕ್ಕಿರಿದು ಕೂತಿದ್ದರು. ಸೇವಕನಿಗೆ ಮಾತಿಗಿಂತ ನಡತೆ ದೊಡ್ಡದು, ಯಾರೂ ನೋಡದಾಗ ನಾವು ಏನೋ ಅದೇ ನಾವು ಎಂದು ಹೇಳಿದೆ. ಎಷ್ಟು ಚೆನ್ನಾಗಿ ಮಾತಾಡುತ್ತಾನೆ ನನ್ನ ಮಗ ಎಂದು ನನ್ನ ಎದೆ ಉಬ್ಬಿತು. ಪ್ರತಿ ಮಾತಿಗೂ ಆಮೆನ್ ಅಂದೆ.

ಆಮೇಲೆ ನೀನು ನನ್ನ ಹಳೆಯ ಬೈಬಲನ್ನು ಎತ್ತಿ ಹಿಡಿದೆ. ಅದರ ಸುಟ್ಟ ಅಂಚನ್ನು ಎಲ್ಲರಿಗೂ ತೋರಿಸಿದೆ. ನಿನ್ನ ಅಪ್ಪ ಕುಡುಕರಾಗಿದ್ದರಂತೆ. ಬೆಳಗಿನ ಜಾವದ ಪ್ರಾರ್ಥನೆಗೆ ಹೋಗುವ ಹೆಂಡತಿಯನ್ನು ಹಿಮದಲ್ಲಿ ತಳ್ಳುತ್ತಿದ್ದರಂತೆ. ಒಂದು ದಿನ ದೇವರ ಪುಸ್ತಕವನ್ನೇ ಒಲೆಗೆ ಎಸೆದರಂತೆ. ಕೊನೆಗೆ ಸಾಯುವಾಗ ನಿನ್ನ ಕೈ ಹಿಡಿದು, ಅತ್ತು, ಕರ್ತನನ್ನು ಒಪ್ಪಿಕೊಂಡು ಕಣ್ಣು ಮುಚ್ಚಿದರಂತೆ. ಹುಡುಗಿಯರು ಬಿಕ್ಕುವುದು ಕೇಳಿಸಿತು. ಅಷ್ಟರಲ್ಲಿ ನೀನು ನನ್ನ ಕಡೆ ಕೈ ತೋರಿಸಿ, "ಕರ್ತ ಇವರ ಕಣ್ಣೀರಿಗೆ ಉತ್ತರ ಕೊಟ್ಟ. ಅಲ್ವಾ, ಅಮ್ಮಾ?" ಎಂದೆ.

ನಾನು ಆಮೆನ್ ಅಂದೆ.

ಜೋರಾಗಿಯೇ ಅಂದೆ. ಪೀಠದಿಂದ ಪ್ರಶ್ನೆ ಬಂದರೆ ಆಮೆನ್ ಎಂದು ಬಾಯಿ ಬಿಡುವುದು ನನಗೆ ಉಸಿರಿನಂತೆ ಆಗಿಹೋಗಿದೆ, ಅದು ನಿನಗೂ ಗೊತ್ತು. ಗೊತ್ತಿದ್ದೇ ಕೇಳಿದೆ. ಹೊರಗೆ ಬಂದಾಗ ಒಬ್ಬ ಹೆಂಗಸು ನನ್ನ ಎರಡೂ ಕೈ ಹಿಡಿದುಕೊಂಡು, "ಅಯ್ಯೋ ಅಮ್ಮಾ, ಅಂಥ ರಾಕ್ಷಸನ ಜೊತೆ ಹೆಂಗೆ ಬಾಳಿದ್ರಿ?" ಎಂದಳು. ಆಗಲೇ ನಾನು ಸಾಕ್ಷಿ ಹಾಕಿಯಾಗಿತ್ತಲ್ಲ. ಬಸ್ಸು ಹತ್ತಿ ಊರಿಗೆ ಬಂದೆ. ಬಾಂಗ್ ಅಕ್ಕನಿಗೆ ಮಾತ್ರ ಹೇಳಿದೆ. ಸಿಂಪಿಯ ಚಾಕು ಕೆಳಗಿಟ್ಟು ಅವಳು ಕೇಳಿದಳು: "ನಿನ್ನ ಗಂಡ ತಳ್ಳಿದ್ನಾ? ಹೌದು ಕಣೇ, ತಳ್ಳಿದ್ದ. ಸ್ಟಾರ್ಟ್ ಆಗದ ಆ ಟಿಲ್ಲರ್ ಗಾಡೀನ ದಿನಾ ಚರ್ಚಿನ ದಿಬ್ಬ ಹತ್ತಿಸಕ್ಕೆ ತಳ್ಳಿದ್ದ. ನಿನ್ನ ಮಗ ಅದನ್ನ ಹೇಳಿದ್ನಾ?"

ಹೇಳಲಿಲ್ಲ. ಹಾಗಾದರೆ ನಾನು ಹೇಳುತ್ತೇನೆ, ಕೇಳು.

ಆ ಚಳಿಗಾಲ ನಾನು ಚರ್ಚಿನ ದಿಬ್ಬದ ಮೇಲೆ ಜಾರಿ ಬಿದ್ದೆ. ಬೈಬಲು ಕೆಸರು ನೀರಲ್ಲಿ ಅದ್ದಿಹೋಯಿತು. ನಿನ್ನ ಅಪ್ಪ ಅದನ್ನು ಒಲೆಯ ಮುಂದೆ ಹಿಡಿದು ಒಂದೊಂದೇ ಹಾಳೆ ಬಿಡಿಸಿ ಒಣಗಿಸುತ್ತಿದ್ದರು. ನಿನಗೆ ಆಗ ಒಂಬತ್ತು ವರ್ಷ, ಪಕ್ಕದಲ್ಲೇ ಕೂತು ಕೆಂಡದಲ್ಲಿ ಗೆಣಸು ಸುಡುತ್ತಿದ್ದೆ. "ಅಪ್ಪಾ, ನನ್ನ ಗೆಣಸು ಸೀದೋಯ್ತು!" ಎಂದು ನೀನು ಅರಚಿದೆ. ಅವರು ಗೆಣಸು ತೆಗೆಯಲು ಬಗ್ಗಿದರು, ಪುಸ್ತಕದ ಮೂಲೆಗೆ ಕಿಡಿ ಹಿಡಿಯಿತು. ಬರಿಗೈಯಲ್ಲೇ ಆರಿಸಿದರು. ಆ ರಾತ್ರಿಯೆಲ್ಲ, "ನಿಮ್ಮ ದೇವರು ಸಿಟ್ಟಾಗ್ತಾನಾ? ಬೇಕಾದ್ರೆ ನಾನೇ ಸುಟ್ಟೆ ಅಂತ ಹೇಳ್ಬಿಡು" ಎನ್ನುತ್ತಿದ್ದರು. ಈಗ ಪೀಠದಿಂದ ನೀನು ಹೇಳಿಯೇಬಿಟ್ಟೆ. ಗೆಣಸು ತಿಂದವನೇ ಹೇಳಿದೆ.

ಸಂಜೆ ಒಂದು ಬಟ್ಟಲು ಅಕ್ಕಿ ಹೆಂಡ ಕುಡಿಯುತ್ತಿದ್ದರು, ಹೌದು. ಕುಡಿದು ಮಲಗುತ್ತಿದ್ದರು. ನಸುಕಿನಲ್ಲಿ ನನಗಿಂತ ಮೊದಲು ಎದ್ದು ಗಾಡಿ ತೆಗೆಯುತ್ತಿದ್ದರು. ಚರ್ಚಿನೊಳಗೆ ಬನ್ನಿ ಎಂದರೆ, "ನೀನು ಒಳಗೆ ಮಾತಾಡ್ಕೊಂಡು ಬಾ, ನಾನು ಇಂಜಿನ್ ಬೆಚ್ಚಗಿಟ್ಟಿರ್ತೀನಿ" ಎನ್ನುತ್ತಿದ್ದರು.

ಇನ್ನೊಂದು ವಿಷಯ. ಪಾಸ್ಟರ ಮನೆಗೆಂದು ಅಡುಗೆಗೆ ಮುಂಚೆ ತಲೆಗೊಂದು ಚಮಚ ಅಕ್ಕಿ ತೆಗೆದು ಗಡಿಗೆಗೆ ಹಾಕುವುದು ಹೆಂಗಸರ ಕೆಲಸ. ನೀನು ದೇವಶಾಸ್ತ್ರ ಓದಲು ಹೋದ ದಿನದಿಂದ ಆ ಚಮಚವನ್ನು ಅವರು ನನ್ನ ಕೈಯಿಂದ ಕಿತ್ತುಕೊಂಡರು. ನೀನು ಮನೆಯಲ್ಲಿರದಿದ್ದರೂ ನಿನ್ನ ಪಾಲಿನ ಚಮಚವನ್ನು ಬಿಡಲಿಲ್ಲ. ಅಂಗೈಯಲ್ಲಿ ಹರಡಿ ಕಲ್ಲು ಆರಿಸಿಯೇ ಹಾಕುತ್ತಿದ್ದರು. ಬಾಂಗ್ ಅಕ್ಕ ಒಮ್ಮೆ, "ಏನಪ್ಪಾ, ಚರ್ಚಿನ ಬಾಗ್ಲು ದಾಟದೇ ಇರೋನು ಪಾಸ್ಟರಿಗೆ ಅಕ್ಕಿ ಹಾಕ್ತೀಯಲ್ಲಾ!" ಎಂದು ಅಣಕಿಸಿದಳು. ಅದಕ್ಕೆ ಅವರು ಹೇಳಿದ್ದು: "ನಮ್ ಹುಡುಗ ಇನ್ಮೇಲೆ ಊರೋರ ಬಾಯಿಂದ ತೆಗೆದಿಟ್ಟ ಅಕ್ಕಿ ತಿಂದು ಬದುಕ್ಬೇಕು ಕಣಕ್ಕಾ. ಆ ಅಕ್ಕಿ ಸುಮ್ನೆ ಅರಗಲ್ಲ. ಅದಕ್ಕೆ ತಕ್ಕ ಹಾಗೆ ಇರ್ಬೇಕು ಅವನು."

ನಡತೆಯ ವಿಷಯದಲ್ಲಿ ನಿನ್ನ ಒಂದು ಗಂಟೆಯ ಮಾತಿನಲ್ಲಿ ನನಗೆ ಇದಕ್ಕಿಂತ ಹೆಚ್ಚಿನದೇನೂ ಸಿಗಲಿಲ್ಲ.

ಇನ್ನು ಅಪ್ಪನ ಸಾವು. ನೀನು ಬಂದಾಗ ಅವರ ಉಸಿರು ನಿಂತು, ಶವವನ್ನು ಮಡಿಸುಪರದೆಯ ಹಿಂದೆ ಮಲಗಿಸಿಯಾಗಿತ್ತು. ನೀನು ಹಿಡಿದದ್ದು ಯಾವ ಕೈ, ಗಿಹ್ವಾನ್? ಅವರು ಕರ್ತನನ್ನು ಒಪ್ಪಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಮದುವೆಯಾದ ದಿನದಿಂದ ಅದೊಂದನ್ನೇ ಬೇಡಿದವಳು ನಾನು. ಕೊನೆಯ ಉಸಿರಿನವರೆಗೂ ಪಕ್ಕದಲ್ಲಿದ್ದೆ. ಈಗಲೂ ನಸುಕಿನಲ್ಲಿ ಆ ದಿಬ್ಬವನ್ನು ನಡೆದೇ ಹತ್ತಿ ಹೋಗಿ ಕೇಳುತ್ತೇನೆ, ಕರ್ತನೇ, ಅವರು ಎಲ್ಲಿದ್ದಾರೆ ಎಂದು. ನನಗೆ ಉತ್ತರ ಬಂದಿಲ್ಲ. ನನಗೇ ಸಿಗದ ಉತ್ತರವನ್ನು ನೀನು ಮೈಕಿನಲ್ಲಿ ಹೇಳಿ, ಅದಕ್ಕೆ ನನ್ನ ಬಾಯಿಂದಲೇ ಮುದ್ರೆ ಒತ್ತಿಸಿದೆ.

ನಿಮ್ಮ ಹಿರಿಯ ಪಾಸ್ಟರರು ಏನೆನ್ನುತ್ತಾರೋ ಬಲ್ಲೆ. ಕೇಳಿದವರಿಗೆ ಒಳ್ಳೆಯದಾಯಿತಲ್ಲ, ಎಷ್ಟು ಜನ ಅತ್ತರು ನೋಡಿ ಎನ್ನುತ್ತಾರೆ. ಈರುಳ್ಳಿ ಹೆಚ್ಚಿದರೂ ಅಳುತ್ತಾರೆ.

ಈ ತಿಂಗಳ ಕೊನೆಗೆ ನಿನಗೆ ಗುರುದೀಕ್ಷೆ. ನಿನ್ನ ಹೆಗಲಿಗೆ ನಿಲುವಂಗಿ ಹಾಕಲು ನಾನು ಬರಬೇಕೆಂದು ಬರೆದಿದ್ದೀಯ. ಅದಕ್ಕೆ ಮೊದಲು, ಅದೇ ಪೀಠದ ಮೇಲೆ, ಅದೇ ಬೈಬಲು ಹಿಡಿದು, ಗೆಣಸಿನ ಕತೆ ಹೇಳು. "ನಾನು ಹೇಳಿದ್ದು ಸುಳ್ಳು, ನನ್ನ ತಾಯಿಯ ಆಮೆನ್ ಅನ್ನು ನಾನು ಕದ್ದೆ" ಎಂದು ಹೇಳು. ದೀಕ್ಷೆ ತಪ್ಪಿದರೆ ತಪ್ಪಲಿ. ಹೇಳದಿದ್ದರೆ ನಾನು ಬರುವುದಿಲ್ಲ. ಆ ನಿಲುವಂಗಿ ಮುಟ್ಟುವುದಿಲ್ಲ. ಬಂದವರಿಗೆ ಅಮ್ಮನಿಗೆ ಹುಷಾರಿಲ್ಲ ಎಂದು ಹೇಳುತ್ತೀಯೇನೋ. ಅದೂ ಸುಳ್ಳೇ. ನಾನು ಗುಂಡುಕಲ್ಲಿನ ಹಾಗಿದ್ದೇನೆ.

ಸೊಸೆಗೆ ಒಣಗಿಸಿದ ಕಡಲಸೊಪ್ಪು ಬೇರೆ ಕಟ್ಟಿ ಕಳಿಸುತ್ತಿದ್ದೇನೆ. ಬಸುರಿ ಹೆಂಗಸು, ಹೊಟ್ಟೆ ತುಂಬ ಸಾರು ಮಾಡಿಕೊಂಡು ಕುಡಿಯಲಿ. ಅವಳ ಮೇಲೆ ನನಗೆ ಕೋಪವಿಲ್ಲ. ನಿನ್ನ ಮೇಲಿದೆ. ಕೋಪವಿದ್ದರೂ ಬೆಳಗಿನ ಪ್ರಾರ್ಥನೆಯಲ್ಲಿ ಮೊದಲು ಬರುವ ಹೆಸರು ನಿನ್ನದೇ. ಕರ್ತ ನಿನ್ನ ನಾಲಿಗೆಯನ್ನು ಕಾಯಲಿ. ಹುಟ್ಟುವ ಮಗುವಿಗೆ ನಿನ್ನ ಅಪ್ಪನ ಕೈಗಳು ಬರಲಿ.

ನಿನ್ನ ಅಮ್ಮ

ಮರೆತಿದ್ದು: ಶವದ ಮುಂದೆ, ನೆಂಟರೆಲ್ಲ ಕೇಳುವಂತೆ, "ಅಮ್ಮಾ, ಯಾಕೆ ಮೊದ್ಲೇ ಫೋನ್ ಮಾಡ್ಲಿಲ್ಲ?" ಎಂದು ನೀನು ನನ್ನನ್ನು ಗದರಿದೆ. ಈಗ ಹೇಳುತ್ತೇನೆ. ಶರತ್ಕಾಲದಲ್ಲಿ ನಿಮ್ಮ ಚರ್ಚಿನವರು ನಿನ್ನ ಪ್ರಸಂಗದ ಟೇಪು ಕಳಿಸಿದ್ದರು. ನಾನು ಶೆಡ್ಡಿಗೆ ಹೋಗಿದ್ದೆ. ಹಾಸಿಗೆ ಹಿಡಿದಿದ್ದ ನಿನ್ನ ಅಪ್ಪ, ಮಗನ ದನಿ ಕೇಳೋಣವೆಂದು ಹಾಕಿಕೊಂಡರಂತೆ. ಅದರಲ್ಲೂ ಕುಡುಕ ಇದ್ದ, ಹಿಮ ಇತ್ತು, ಒಲೆ ಇತ್ತು. ಕೊನೆಯ ಕಂತನ್ನು ಮಾತ್ರ ನೀನಿನ್ನೂ ಸೇರಿಸಿರಲಿಲ್ಲ. ನಾನು ಬಂದಾಗ ಗೋಡೆಗೆ ಮುಖ ಮಾಡಿ ಮಲಗಿದ್ದರು. "ಗಿಹ್ವಾನನ ಅಮ್ಮಾ, ನಾನು ಅಷ್ಟು ಕೆಟ್ಟೋನಾಗಿದ್ನಾ?" ಎಂದು ಕೇಳಿದರು. ಆಮೇಲೆ, "ಜನ ಅಳ್ತಿದ್ರು ಕಣೇ. ಅವನ ಕೆಲಸಕ್ಕೆ ಉಪಯೋಗ ಆಗತ್ತೆ ಅಂದ್ರೆ ಇರ್ಲಿ ಬಿಡು" ಎಂದರು. ಡಾಕ್ಟರು ಮಗನನ್ನು ಕರೆಸಿ ಎಂದಾಗ ನಾನು ಫೋನು ಮಾಡದಂತೆ ಅದರ ಮೇಲಿಟ್ಟ ಕೈಯನ್ನು ಅವರು ತೆಗೆಯಲೇ ಇಲ್ಲ. "ಬೇಡ. ನನ್ನ ಮುಖ ನೋಡಿದ್ರೆ ಪಾಪ, ಅವನಿಗೆ ನಾಚಿಕೆ ಆಗತ್ತೆ" ಎಂದರು. ಆ ಸಂಜೆಯೂ ಎದ್ದು ಕೂತು, ಅಂಗೈಯಲ್ಲಿ ಕಲ್ಲು ಆರಿಸಿ, ನಿನ್ನ ಪಾಲಿನ ಚಮಚ ಅಕ್ಕಿಯನ್ನು ಗಡಿಗೆಗೆ ಹಾಕಿದರು.