ಚಾಂದನಿಯ ಗಾಯಕ್ಕೆ ಅರಿಶಿನ ಬೇಡ

ಜಯಂತಾ,

ನಮ್ಮ ಕುದುರೆ ಚಾಂದನಿಯ ಗಾಯದ ಹೊಲಿಗೆಯಲ್ಲಿ ಮತ್ತೆ ಕೀವಾಗಿದೆ. ಆಪರೇಶನ್ ಮಾಡಿದ ಡಾಕ್ಟರನ್ನು ಕಂಡು ಇಂಜೆಕ್ಷನ್ ತರಲು ಕಲ್ಯಾಣ್ ಪಟ್ಟಣಕ್ಕೆ ಹೋಗುತ್ತಿದ್ದೇನೆ. ಕೀವು ಇಳಿಯಲೆಂದು ಅವರು ಬಿಟ್ಟಿದ್ದ ತೂತನ್ನು ನೀನು ಅರಿಶಿನ, ತೆಂಗಿನೆಣ್ಣೆ ಮೆತ್ತಿ ಮುಚ್ಚಿಬಿಟ್ಟೆ. ಅಮ್ಮ ಹಚ್ಚುತ್ತಿದ್ದುದು ನಮ್ಮ ತರಚು ಗಾಯಕ್ಕೆ ಮಾರಾಯ, ಇಂಥದ್ದಕ್ಕಲ್ಲ.

ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಮೆಲ್ಲಗೆ ತೊಳೆ. ನೊಣ ಕೂರಲು ಬಿಡಬೇಡ. ಅವಳು ಹುಲ್ಲು ಮುಟ್ಟದಿದ್ದರೆ ಕೂಡಲೇ ಫೋನ್ ಮಾಡು, ನಂಜು ರಕ್ತಕ್ಕೇರಿದರೆ ಚಾಂದನಿ ಉಳಿಯುವುದಿಲ್ಲ.

ಸಂಜೆ ಡೊಂಬಿವಲಿಯ ಬಾರಾತಿಗೆ, ಆ ಮದುವೆ ಮೆರವಣಿಗೆಗೆ, ಬೇರೆ ಕುದುರೆ ಗೊತ್ತುಮಾಡಿದ್ದೇನೆ. ಮದುಮಗನ ಕಡೆಯವರು ಚಾಂದನಿಯೇ ಬೇಕೆಂದು ಗೋಗರೆದರೆ ನೀನು ಕರಗುತ್ತೀ, ಅದಕ್ಕೇ ಅವಳ ಬೆನ್ನಿಗೆ ಹೊದಿಸುವ ಜರಿಯ ಜೂಲನ್ನು ಕಪಾಟಿನಲ್ಲಿಟ್ಟು ಬೀಗದ ಕೈ ಒಯ್ದಿದ್ದೇನೆ.

ಗಂಜಿ ಒಲೆಯ ಮೇಲಿದೆ. ಬೈದೆನೆಂದು ಉಪವಾಸ ಕೂರಬೇಡ. ಬೇರೆ ಯಾರು ಹತ್ತಿರ ಹೋದರೂ ಚಾಂದನಿ ಒದೆಯುತ್ತಾಳೆ, ನಿನ್ನ ಕೈಗೆ ಮಾತ್ರ ನಿಲ್ಲುತ್ತಾಳೆ.

ಅಕ್ಕ