ಆರು ಡಬ್ಬಿಯ ತೆಪ್ಪ

ಎಚ್.ಡಿ. ಕೋಟೆ ತಾಲ್ಲೂಕು, ಕಬಿನಿ ಹಿನ್ನೀರ ದಡ
12-9-2024, ಗುರುವಾರ

ಚಿರಂಜೀವಿ ತಮ್ಮ ಶಂಕರನಿಗೆ ಅಣ್ಣ ಮಂಟಯ್ಯನ ಆಶೀರ್ವಾದಗಳು.

ನಾವು ಇಲ್ಲಿ ಕ್ಷೇಮ ಎಂದು ಬರೆಯಲು ಕೈ ಏಳುತ್ತಿಲ್ಲ. ನಿನ್ನ ಅತ್ತಿಗೆಯ ತಿಥಿ ಮುಗಿಸಿ ಭೇರ್ಯದ ನಿನ್ನ ಮನೆಗೆ ಹೋದ ಮೇಲೆ ನೀನು ಮೂರು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಬಾಯಲ್ಲಿ ಹೇಳಲಾರದ್ದಕ್ಕೇ ಬರೆಯುತ್ತಿದ್ದೇನೆ.

ಸೋಮವಾರದಿಂದ ನನ್ನ ಜಾಗದಲ್ಲಿ ನೀನೇ ತೆಪ್ಪ ಹಾಕುತ್ತೀಯಂತೆ. ಶುಂಠಿ ಹೊಲದ ಮೇಸ್ತ್ರಿ ಜಯರಾಮ ಬಂದು ಹೇಳಿದ. "ತೆಪ್ಪದ ಅಡೀಗೆ ಹೊಸ ಡಾಂಬರು ಬಳ್ದಿವ್ನಿ ಕಣಣ್ಣ. ಕಳೆ ಮಂಡಿಯುದ್ದ ಬೆಳ್ದದೆ, ಎಂಗಸ್ರು ಆಚೆ ದಡಕ್ಕೆ ಓಗ್ಲೇಬೇಕು" ಎಂದ. ಅವನ ಕಳೆಗಿಷ್ಟು ಬೆಂಕಿ ಬೀಳ! ಅದೇ ತೆಪ್ಪ ಕಣೋ.

ಅಪ್ಪ ಹೇಳುತ್ತಿದ್ದುದು ನಿನಗೂ ಗೊತ್ತು: ತೆಪ್ಪದಲ್ಲಿ ಕೂತವರ ತಲೆ ಎಣಿಸಬಾರದು, ಎಣಿಸಿದರೆ ಒಂದು ತಲೆ ಕಮ್ಮಿಯಾಗುತ್ತದೆ. ಆರೇ ಜನ ಹತ್ತಬೇಕು ಎಂದು ಹೊಲದವರು ಕಟ್ಟಳೆ ಮಾಡಿದಾಗ ನಾನು ಬುದ್ಧಿವಂತನ ಹಾಗೆ ಊಟದ ಡಬ್ಬಿ ಎಣಿಸತೊಡಗಿದೆ. ಆರು ಡಬ್ಬಿ ಬಂತೋ, ಹುಟ್ಟು ಹಾಕು. ಬೇಸಿಗೆಯಿಂದ ಹಾಗೇ ನಡೆಯಿತು. ಶ್ರಾವಣ ಶನಿವಾರದ ಆ ಬೆಳಿಗ್ಗೆಯೂ ಆರೇ ಡಬ್ಬಿ. ಆದರೆ ನಾಲ್ವರು ಉಪವಾಸ, ಡಬ್ಬಿಯನ್ನೇ ತಂದಿರಲಿಲ್ಲ. ಹತ್ತು ಜನ ಹತ್ತಿದ್ದು ಮಾತಿನ ಗದ್ದಲದಲ್ಲಿ ನನಗೆ ಗೊತ್ತಾಗಲಿಲ್ಲ.

ಲೈಫ್ ಜಾಕೆಟ್ಟೂ ಆರು ಇದ್ದವು. ಎಲ್ಲಿ? ಹೆಂಗಸರ ಕುಂಡಿಯಡಿ! "ಸೀರೆ ನೆನೀತದೆ ಕಣಣ್ಣ" ಎಂದು ಚೆಲುವಮ್ಮ ಅದನ್ನೇ ಮಣೆ ಮಾಡಿಕೊಂಡಿದ್ದಳು. ನಾನೂ ನಕ್ಕೆ. ನಡುನೀರಲ್ಲಿ ಗಾಳಿ ಎದ್ದಾಗ ಎಲ್ಲರೂ ಹೆದರಿ ಒಂದೇ ಕಡೆ ಸರಿದರು, ತೆಪ್ಪ ಮಗುಚಿತು. ಒಂಬತ್ತು ಜನ ಅದರ ಅಂಚು ಹಿಡಿದು ಉಳಿದರು. ನನ್ನ ಬಸವಮ್ಮ ಉಳಿಯಲಿಲ್ಲ.

ತಲೆ ಎಣಿಸು ಶಂಕರ. ಬೆರಳು ತೋರಿಸಿ, ಬಾಯಿಬಿಟ್ಟು ಎಣಿಸು. ಅಪಶಕುನ ಎಂದು ಯಾರಾದರೂ ಬೈದರೆ ನನ್ನ ಹೆಸರು ಹೇಳು. ಜಾಕೆಟ್ ತೊಡದವರು ದೇವರೇ ಆದರೂ ಹತ್ತಿಸಬೇಡ. ನಿನ್ನೆ ದಡಕ್ಕೆ ಹೋಗಿದ್ದೆ. ನೀರು ತುಂಬಿ ನಿಂತಿದೆ, ಗಾಳಿಯೂ ಅದೇ ದಿಕ್ಕಿನಿಂದ ಬೀಸುತ್ತಿದೆ. ತೆಪ್ಪದೊಳಗೆ ಇಣುಕಿದರೆ ಜಾಕೆಟ್ಟುಗಳನ್ನು ಸೋಮವಾರಕ್ಕೆಂದು ಆಗಲೇ ಕೂರಲು ಸಾಲಾಗಿ ಹಾಸಿಟ್ಟಿದ್ದಾರೆ.

ನಿನ್ನನ್ನೂ ನಿನ್ನ ಹೆಂಡತಿ ರಾಧಾಳನ್ನೂ ಆ ತಾಯಿ ಗಂಗಮ್ಮ ಕಾಯಲಿ.

ನಿನ್ನ ಅಣ್ಣ,
ಮಂಟಯ್ಯ

ಇನ್ನೊಂದು ಮಾತು: ಹತ್ತು ಜನ ಇದ್ದದ್ದು ಗೊತ್ತಾಗಲಿಲ್ಲ ಎಂದು ಪೊಲೀಸರಿಗೆ ಹೇಳಿದೆ, ಮೇಲೆ ನಿನಗೂ ಬರೆದೆ. ಸುಳ್ಳು. ಅಂಚು ನೀರಿಗಿಂತ ನಾಲ್ಕೇ ಬೆರಳು ಮೇಲಿತ್ತು, ಕಣ್ಣಾರೆ ಕಂಡಿದ್ದೆ. ಬಸವಮ್ಮ ಎದ್ದು ನಿಂತು, "ಭಾರ ಆಯ್ತದೆ ಕಣ್ರೀ, ನಾನು ಇಳ್ಕೊತೀನಿ, ಇನ್ನೊಂದ್ ಸರ್ತಿಗೆ ಬತ್ತೀನಿ" ಎಂದಳು. ಎಲ್ಲರನ್ನೂ ನಗಿಸಬೇಕೆಂದು ನಾನೇ ಅವಳ ಕೈ ಹಿಡಿದು ಜಗ್ಗಿದೆ: "ನಿನ್ ಡಬ್ಬೀನೇ ಇಲ್ವಲ್ಲೇ, ನಿಂದೆಲ್ಲಿ ಭಾರ? ಕೂತ್ಕೋ." ಅವಳೂ ನಕ್ಕು ಕೂತಳು.