ಮೊದಲ ಚೆಂಡು ಬುಟ್ಟಿಗೆ ಬೀಳುವ ತನಕ

ಒಕ್ಲಹೋಮಾ ಸಿಟಿ
ಮೇ ೬, ಮಂಗಳವಾರ

ಮುದ್ದು ಡೆಸ್ಸಿ,

ನಾನು ಚೆನ್ನಾಗಿದ್ದೇನೆ. ಮೊಣಕಾಲು, ಮನೆಯ ಛಾವಣಿ, ಹಳೇ ಟ್ರಕ್ಕು, ಮೂರೂ ಇನ್ನೂ ಕೈಕೊಟ್ಟಿಲ್ಲ. ನೀನೂ ನಿನ್ನ ಬ್ಯಾಂಡಿನ ಆ ಮೂವರು ಗಡ್ಡದವರೂ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಿ ಅಂದುಕೊಂಡಿದ್ದೇನೆ. ಬರೀ ಚಿಪ್ಸ್ ತಿಂದು ಊರೂರು ತಿರುಗಿದರೆ ಗಂಟಲು ಉಳಿಯುವುದಿಲ್ಲ.

ಈ ಕಾಗದ ಯಾವತ್ತೋ ಬರೆಯಬೇಕಾಗಿತ್ತು. ಬರೆಯಲು ಕೂತೆ, ಎದ್ದೆ, ಮತ್ತೆ ಕೂತೆ, ನಾಯಿಗೆ ಊಟ ಹಾಕುವ ನೆಪ ಮಾಡಿಕೊಂಡು ಮತ್ತೆ ಎದ್ದೆ. ನೀನು ಎರಡು ಸಲ ಫೋನ್ ಮಾಡಿದ್ದು ಗೊತ್ತು. ಎತ್ತಲಿಲ್ಲ. ಸಿಟ್ಟಿನಿಂದಲ್ಲ ಮಗಳೇ, ನನಗೆ ನಿನ್ನ ಮೇಲೆ ಎಂಥ ಸಿಟ್ಟು? ಸಿಟ್ಟು ಮಾಡಿಕೊಳ್ಳುವ ಹಕ್ಕು ಈಗ ನಿನ್ನದು. ಮೆಸೇಜು ಕಳಿಸಬಹುದಿತ್ತು, ಆದರೆ ಇದು ಹೆಬ್ಬೆರಳಲ್ಲಿ ಒತ್ತಿ ಕಳಿಸುವಂಥ ಮಾತಲ್ಲ. ಅದಕ್ಕೇ ನೀವು ಮುಂದೆ ಹಾಡಲಿರುವ ಮಿನಿಯಾಪೊಲಿಸ್‌ನ ಕ್ಲಬ್ಬಿನ ವಿಳಾಸಕ್ಕೆ ಇದನ್ನು ಹಾಕುತ್ತಿದ್ದೇನೆ. ಬಾಗಿಲಲ್ಲಿ ಟಿಕೆಟ್ ನೋಡುವವನು ನಿನ್ನ ಕೈಗೆ ಕೊಡುತ್ತಾನೆ, ಕೊಡದಿದ್ದರೆ ಅವನ ಹಣೆಬರಹ.

ಮೊದಲು ಊರಿನ ಸುದ್ದಿ ಹೇಳಿಬಿಡುತ್ತೇನೆ. ಆಮೇಲೆ ಆ ದಿನದ ವಿಷಯಕ್ಕೆ ಬರುತ್ತೇನೆ. ನೀನು ಅಮ್ಮನ ಹಾಡು ಶುರು ಮಾಡುವ ಮುಂಚೆ ನಾನು ಕೈಯೆತ್ತಿ ಕೇಕೆ ಹಾಕಿದ್ದನ್ನು ಮರೆತಿದ್ದೇನೆ ಅಂದುಕೊಳ್ಳಬೇಡ.

ಭಾನುವಾರ ನಮ್ಮ ಊರಲ್ಲೇ ಬ್ಯಾಸ್ಕೆಟ್‌ಬಾಲ್ ಆಟ ಇತ್ತು. ಮೊದಲ ಚೆಂಡು ಬುಟ್ಟಿಗೆ ಬೀಳುವ ತನಕ ಯಾರೂ ಕೂರುವುದಿಲ್ಲ, ನಿನಗೆ ಗೊತ್ತೇ ಇದೆ. ಚಿಕ್ಕವಳಿದ್ದಾಗ ನೀನು ಕುರ್ಚಿಯ ಮೇಲೆ ಹತ್ತಿ ನಿಲ್ಲುತ್ತಿದ್ದೆ. ಮಾಮೂಲಾಗಿ ಅರ್ಧ ನಿಮಿಷದ ಮಾತು. ಭಾನುವಾರ ನಮ್ಮ ಹುಡುಗರಿಗೆ ಏನು ಗರ ಬಡಿದಿತ್ತೋ, ಎಸೆದದ್ದೆಲ್ಲ ಬುಟ್ಟಿಯ ಕಬ್ಬಿಣಕ್ಕೆ ಬಡಿದು ವಾಪಸ್ಸು. ಎದುರಾಳಿಗಳು ಒಂಬತ್ತು ಪಾಯಿಂಟು, ನಾವು ಸೊನ್ನೆ, ಹದಿನೆಂಟು ಸಾವಿರ ಜನ ನಿಂತೇ ಇದ್ದೇವೆ. ನಮ್ಮ ಸಾಲಿನ ರುಥಾನ್ ಅಜ್ಜಿಗೆ ಚಳಿಗಾಲದಲ್ಲಿ ಸೊಂಟದ ಆಪರೇಷನ್ ಆಗಿದೆ. ಹಿಂದಿನ ಸಾಲಿನವನು ಪಾಪ ಒಳ್ಳೆಯ ಮನಸ್ಸಿನಿಂದ ಹೇಳಿದ, "ನೀವು ಕೂತ್ಕೊಳ್ಳಿ ಅಜ್ಜಿ, ಯಾರೂ ಏನೂ ಅನ್ಕೊಳ್ಳಲ್ಲ."

ಅಜ್ಜಿ ತಿರುಗಿಯೂ ನೋಡಲಿಲ್ಲ. "ನೋಯ್ತಿರೋದು ನನ್ನ ಸೊಂಟ ಕಣಪ್ಪಾ, ನಿನ್ನದಲ್ಲ. ಬುಟ್ಟಿಗೆ ಚೆಂಡು ಬೀಳ್ಲಿ, ಕೂರ್ತೀನಿ. ಬೀಳ್ಲಿಲ್ವಾ, ಇಲ್ಲಿಂದ್ಲೇ ನೇರ ಮಣ್ಣಿಗೆ ತಗೊಂಡ್ಹೋಗಿ."

ಕೊನೆಗೆ ನಮ್ಮ ಗಿಡ್ಡನೊಬ್ಬ ಮೂಲೆಯಿಂದ ಎಸೆದದ್ದು ಬಿತ್ತು. ಇಡೀ ಕ್ರೀಡಾಂಗಣ ಉಸಿರು ಬಿಟ್ಟು ಕೂತಿತು. ಗೆದ್ದೆವು ಕೂಡ.

ಅಮ್ಮನ ಕುರ್ಚಿ ಖಾಲಿಯೇ ಇದೆ. ಹೊಸಬನೊಬ್ಬ ಅದರ ಮೇಲೆ ಕೋಟು ಹಾಕಲು ಹೋದ. ರುಥಾನ್ ಅಜ್ಜಿ, "ಅಲ್ಲಿ ನೊರೀನ್ ಕೂರ್ತಾಳೆ, ಕೋಟು ತೆಗಿ" ಎಂದಳು. ಅವನು ಸುತ್ತಮುತ್ತ ನೋಡಿ, "ಬರ್ತಾರಾ?" ಎಂದ. "ಬರಲ್ಲ. ಆದ್ರೂ ತೆಗಿ" ಎಂದಳು. ಅವನು ಬೆಪ್ಪಾಗಿ ಕೋಟನ್ನು ಮಡಿಲಲ್ಲಿ ಇಟ್ಟುಕೊಂಡ. ನನಗೆ ನಗು ಬಂತು. ಸೀಸನ್ನಿನ ಕೊನೆಯ ಪ್ಲೇ ಆಫ್ ಆಟಗಳಿಗೆ ಪ್ರತಿ ಕುರ್ಚಿಯ ಮೇಲೂ ಒಂದೇ ಬಣ್ಣದ ಟೀ ಶರಟು ಇಟ್ಟಿರುತ್ತಾರಲ್ಲ, ಅಮ್ಮನ ಕುರ್ಚಿಯದ್ದನ್ನು ಪ್ರತಿ ಸಲ ಮನೆಗೆ ತರುತ್ತೇನೆ. ನಿನ್ನ ಕೋಣೆಯ ಮಂಚದ ಮೇಲೆ ಇಟ್ಟಿದ್ದೇನೆ. ನಿನಗೆ ದೊಗಳೆಯಾಗುತ್ತವೆ, ಆದರೂ ಇರಲಿ.

ತಗಡು ಬಡಿದು ಬದುಕಿದ ಅರವತ್ತೆರಡು ವರ್ಷದ ಈ ಮುದುಕನಿಗೆ ಎರಡೆರಡು ಹುಚ್ಚು ಯಾಕೆ ಎಂದು ಮೊನ್ನೆ ವರ್ಕ್‌ಶಾಪಿನಲ್ಲಿ ಒಬ್ಬ ಕೇಳಿದ. ಒಂದು ಬ್ಯಾಸ್ಕೆಟ್‌ಬಾಲು, ಇನ್ನೊಂದು ಯಾರೂ ಹೆಸರು ಕೇಳದ ಬ್ಯಾಂಡುಗಳ ಇಂಡೀ ರಾಕು. ಎರಡಲ್ಲವೋ, ಒಂದೇ ಹುಚ್ಚು ಎಂದೆ. ಅವನಿಗೆ ಅರ್ಥವಾಗಲಿಲ್ಲ. ದೊಡ್ಡ ಹೆಸರಿನ ಹಾಡುಗಾರರು ದೊಡ್ಡ ಮೈದಾನದಲ್ಲಿ ಬೆರಳಿನಷ್ಟು ಕಾಣುತ್ತಾರೆ. ನಮ್ಮವರು ತಮ್ಮ ಸ್ಪೀಕರು ತಾವೇ ಹೊತ್ತು, ತಮ್ಮ ರೆಕಾರ್ಡು ತಾವೇ ಮಾರಿ, ಬೆವರು ನಮ್ಮ ಮೇಲೆ ಸಿಡಿಯುವಷ್ಟು ಹತ್ತಿರ ನಿಂತು ಹಾಡುವವರು. ಅದನ್ನು ರೆಕಾರ್ಡಿನಲ್ಲಿ ಕೇಳಿದರೆ ಊಟದ ಫೋಟೋ ನೋಡಿದ ಹಾಗೆ. ಆಟವೂ ಅಷ್ಟೇ, ಅಲ್ಲಿ ನಿಂತು ಗಂಟಲು ಹರಿದುಕೊಂಡರೇ ಅದು ನಮ್ಮದು.

ನಾನು ಹುಡುಗನಾಗಿದ್ದಾಗ ಇದು ಡಲ್ಲಾಸಿನಿಂದ ಕ್ಯಾನ್ಸಸ್‌ಗೆ ಹೋಗುವವರು ಪೆಟ್ರೋಲು ಹಾಕಿಸುವ ಊರು, ಅಷ್ಟೇ. ಪೆಟ್ರೋಲಿಗೆ ನಿಂತ ಬ್ಯಾಂಡುಗಳನ್ನು ನಾನೂ ಗೆಳೆಯ ಲೊನ್ನಿಯೂ ಕೈಕಾಲು ಹಿಡಿದು ಉಳಿಸಿಕೊಳ್ಳುತ್ತಿದ್ದೆವು. ಹಾಡಿಸಿ, ಮನೆಯಲ್ಲಿ ಮಲಗಿಸುತ್ತಿದ್ದೆವು. ಮದುವೆಯಾದ ಮೇಲೂ ಅದೇ. ನಿನ್ನ ಅಮ್ಮ ದೊಡ್ಡ ಪಾತ್ರೆಯಲ್ಲಿ ಬೀನ್ಸ್ ಬೇಯಿಸಿ, ಮೆಕ್ಕೆಜೋಳದ ಬ್ರೆಡ್ಡು ಮಾಡಿ ಹಾಕುತ್ತಿದ್ದಳು. ನೀನು ಅಂಬೆಗಾಲಿಟ್ಟದ್ದೇ ನಡುಮನೆಯಲ್ಲಿ ಮಲಗಿದ್ದ ಗಿಟಾರಿನವರ ಕಾಲುಗಳನ್ನು ದಾಟಿಕೊಂಡು. ಆಮೇಲೆ ಊರಿಗೆ ಸ್ವಂತ ತಂಡ ಬಂತು. ಟಿ.ವಿ.ಯಲ್ಲಿ ನಮ್ಮ ಊರಿನ ಹೆಸರನ್ನು, ಬಿರುಗಾಳಿಯ ಸುದ್ದಿಗಲ್ಲದೆ, ಬರೀ ಆಟಕ್ಕೆ ಹೇಳಿದರು. ಅಮ್ಮ ಸೋಫಾದಲ್ಲಿ ಕೂತು ಅತ್ತಳು. "ಯಾಕೆ ಅಳ್ತೀಯೇ?" ಎಂದರೆ, "ಸುಮ್ನಿರಿ, ನಮ್ಮನೇಗೆ ಯಾರೋ ಬಂದ ಹಾಗಾಯ್ತು" ಎಂದಳು.

ಸರಿ, ಇನ್ನು ಸುತ್ತಿ ಬಳಸುವುದು ಸಾಕು.

ಹೋದ ತಿಂಗಳ ಆ ಶನಿವಾರ ನಮ್ಮವರ ಆಟ ಡೆನ್ವರ್‌ನಲ್ಲಿ. ಊರಿಗೆ ಊರೇ ಟಿ.ವಿ. ಮುಂದೆ. ನಾನು ಟಿ.ವಿ. ಹಾಕಲೂ ಇಲ್ಲ. ಲೊನ್ನಿಯನ್ನು ಟ್ರಕ್ಕಿನಲ್ಲಿ ಕೂರಿಸಿಕೊಂಡು, ಬಾಗಿಲು ತೆಗೆಯುವ ಮುಂಚೆಯೇ ನೀನು ಹಾಡಲಿದ್ದ ನಮ್ಮೂರ ಕ್ಲಬ್ಬಿನ ಮುಂದೆ ನಿಂತಿದ್ದೆ. ಮಗಳು ಅಮ್ಮ ಹೋದ ಮೇಲೆ ಮೊದಲ ಸಲ ಹುಟ್ಟಿದ ಊರಲ್ಲಿ ಹಾಡುತ್ತಾಳೆ, ಆಟ ಯಾವ ಮಹಾ. ನಾನು ಎಂದಿನಂತೆ ಮುಂದಿನ ಸಾಲಿನಲ್ಲಿ, ಡ್ರಮ್ಮಿನ ಎದುರಿಗೆ ನಿಂತೆ. ಸುತ್ತ ನಿನ್ನ ವಯಸ್ಸಿನವರು ಕೈಕಟ್ಟಿಕೊಂಡು, ತಲೆಯನ್ನು ಮಾತ್ರ ಅಲ್ಲಾಡಿಸುತ್ತಿದ್ದರು. ಅವರಿಗೆ ಅದೇ ಕುಣಿತ.

ನೀನೂ ಇದೇ ಊರಿನವಳು. ಪ್ರತಿ ಹಾಡು ಮುಗಿದ ಮೇಲೆ ಫೋನ್ ನೋಡಿ ಸ್ಕೋರು ಹೇಳುತ್ತಿದ್ದೆ. ಹೇಳಿದಾಗಲೆಲ್ಲ ಕ್ಲಬ್ಬು ಹೋ ಎನ್ನುತ್ತಿತ್ತು, ಲೊನ್ನಿ ನನ್ನ ಬೆನ್ನಿಗೆ ಗುದ್ದುತ್ತಿದ್ದ. ನಾನೂ ಕೂಗುತ್ತಿದ್ದೆ. ಕೊನೆಗೆ ನೀನು ಗಿಟಾರು ಬದಲಾಯಿಸಿಕೊಂಡು ಮೈಕಿನ ಹತ್ತಿರ ಬಂದೆ. ನಕ್ಕೆ. ಕಣ್ಣು ಹೊಳೆಯುತ್ತಿತ್ತು. ಏನೋ ಹೇಳಿದೆ. ನಾನು ಎರಡೂ ಕೈ ಮೇಲೆತ್ತಿ, ಕತ್ತಿನ ನರ ಉಬ್ಬುವ ಹಾಗೆ ಕೇಕೆ ಹಾಕಿದೆ.

ಇಡೀ ಕ್ಲಬ್ಬಿನಲ್ಲಿ ಒಂದೇ ಗಂಟಲು, ನನ್ನದು. ಎಲ್ಲರೂ ತಿರುಗಿ ನೋಡಿದರು. ನೀನೂ ನೋಡಿದೆ. ನಿನ್ನ ಮುಖ ಕಂಡ ಮೇಲೆ ಏನೋ ಎಡವಟ್ಟಾಗಿದೆ ಎಂದು ತಿಳಿಯಿತು, ಏನೆಂದು ತಿಳಿಯಲಿಲ್ಲ. ಲೊನ್ನಿ ನನ್ನ ತೋಳು ಹಿಡಿದು ಕೆಳಗೆ ಎಳೆದ. ನೀನು ಕಣ್ಣು ಮುಚ್ಚಿಕೊಂಡು ಹಾಡಿದೆ. ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ, ಪಕ್ಕದ ಹುಡುಗಿ ಮೂಗು ಒರೆಸಿಕೊಳ್ಳುತ್ತಿದ್ದಳು.

ಟ್ರಕ್ಕಿನ ಹತ್ತಿರ ಬಂದ ಮೇಲೆ ಲೊನ್ನಿ ನನ್ನ ಎದುರಿಗೇ ನಿಂತು ಬೈದ. "ಲೋ ವರ್ಲಿನ್, ತಲೆ ಕೆಟ್ಟಿದೆಯೇನೋ ನಿಂಗೆ? 'ಅಕ್ಟೋಬರಿನಲ್ಲಿ ನನ್ನಮ್ಮ ಹೋದ್ಲು, ಇದು ಅವಳ ಹಾಡು' ಅಂತ ಮಗು ಹೇಳ್ತಿದ್ರೆ, ನೀನು ಕಪ್ಪು ಗೆದ್ದೋನ ಹಾಗೆ ಕೂಗೋದಾ?"

ಅಷ್ಟರಲ್ಲಿ ನೀನು ವ್ಯಾನಿನ ಬಾಗಿಲು ಹಿಡಿದು ನಿಂತಿದ್ದೆ. ದೀಪ ನಿನ್ನ ಮುಖದ ಮೇಲಿತ್ತು. "ಗೆದ್ವಿ ಅಲ್ವಾ ಅಪ್ಪಾ? ಖುಷಿ ಆಯ್ತಾ?" ಎಂದೆ. ನಾನು ಬಾಯಿ ತೆಗೆಯುವಷ್ಟರಲ್ಲಿ ಬಾಗಿಲು ಬಿತ್ತು.

ಅಂದ ಹಾಗೆ ನಾವು ಗೆಲ್ಲಲಿಲ್ಲ. ಕೊನೆಯಲ್ಲಿ ಎರಡು ಪಾಯಿಂಟಿನಿಂದ ಸೋತೆವು. ಅದು ನನಗೆ ತಿಳಿದದ್ದು ಮಾರನೆಯ ದಿನ ಚರ್ಚಿನಲ್ಲಿ, ರುಥಾನ್ ಅಜ್ಜಿಯ ಸಪ್ಪೆ ಮುಖ ನೋಡಿ.

ಅಪ್ಪನಿಗೆ ಆಟ ದೊಡ್ಡದು, ಅಮ್ಮ ಆಮೇಲೆ ಎಂದು ನೀನು ಅಂದುಕೊಂಡಿದ್ದೀಯ. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ. ಲೊನ್ನಿ ಹೇಳಿದ, ಶರತ್ಕಾಲದ ಪ್ರವಾಸದಲ್ಲಿ ನೀನು ನಮ್ಮ ಊರನ್ನೇ ಬಿಟ್ಟಿದ್ದೀಯಂತೆ, ಟಲ್ಸಾದಲ್ಲಿ ಹಾಡಿ ಹಾಗೇ ಮುಂದೆ ಹೋಗುತ್ತೀಯಂತೆ. ಟಲ್ಸಾ, ನಮ್ಮ ಊರಿಗೆ ಎಂದೂ ಆಗಿಬರದ ಪಕ್ಕದ ಊರು! ನಿನಗೆ ಸಿಟ್ಟು ಎಷ್ಟಿರಬೇಕು ಎಂದು ಅದರಿಂದಲೇ ತಿಳಿಯಿತು. ಬಿಡಬೇಡ ಮಗಳೇ. ನನ್ನ ಮೇಲಿನ ಸಿಟ್ಟನ್ನು ಊರಿನ ಮೇಲೆ ತೀರಿಸಬೇಡ. ಬೇಕಾದರೆ ಹೇಳು, ನಾನು ಆ ದಿನ ಮನೆಯಲ್ಲೇ ಇರುತ್ತೇನೆ. ಆದರೆ ಇರಲು ನನಗೆ ಇಷ್ಟವಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ನಿನ್ನ ಗಂಟಲು ತಣ್ಣಗಿರಲಿ, ವ್ಯಾನಿನ ಟೈರು ಗಟ್ಟಿಯಾಗಿರಲಿ, ಹೋದ ಊರಲ್ಲೆಲ್ಲ ಯಾರಾದರೂ ಒಬ್ಬ ತಾಯಿ ನಿಮಗೆ ಬಿಸಿ ಬೀನ್ಸ್ ಬಡಿಸಲಿ. ಆ ಗಡ್ಡದವರಿಗೂ ನನ್ನ ಆಶೀರ್ವಾದ ಹೇಳು, ಡ್ರಮ್ಮಿನವನಿಗೆ ಒಂದು ಹಿಡಿ ಜಾಸ್ತಿ.

ನಿನ್ನ ಅಪ್ಪ,
ವರ್ಲಿನ್

ಮರೆತ ಮಾತು: ಮರೆತದ್ದಲ್ಲ, ಇಷ್ಟು ಹೊತ್ತೂ ತಪ್ಪಿಸಿಕೊಂಡದ್ದು. ಲಕೋಟೆ ಅಂಟಿಸಿ ಮತ್ತೆ ಹರಿದಿದ್ದೇನೆ.

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದು ನೀನು ಅಂದುಕೊಂಡಿರಬೇಕು. ಕೋಣನಲ್ಲ ಮಗಳೇ, ಕಿವುಡ. ನನಗೆ ಕಿವಿ ಕೇಳಿಸುವುದಿಲ್ಲ. ಡ್ರಮ್ಮು ಎದೆಗೆ ಬಡಿಯುತ್ತದೆ, ಜನ ಹೋ ಎಂದರೆ ತಿಳಿಯುತ್ತದೆ, ಲೊನ್ನಿಯಂಥ ಗುಂಡು ದನಿಯವರು ಎದುರಿಗೆ ನಿಂತು ಬೈದರೆ ಗೊತ್ತಾಗುತ್ತದೆ. ಭಾನುವಾರ ರುಥಾನ್ ಅಜ್ಜಿಯ ಸುತ್ತ ನಡೆದ ಮಾತೆಲ್ಲ ತುಟಿ ನೋಡಿ ತಿಳಿದದ್ದು. ಹೆಂಗಸರ ದನಿ, ಮಕ್ಕಳ ದನಿ ಮೊದಲು ಹೋಗುತ್ತದಂತೆ, ಡಾಕ್ಟರು ಹೇಳಿದರು. ತಗಡು ಅರ್ಧ ತಿಂದಿತು, ಸ್ಪೀಕರು ಅರ್ಧ ತಿಂದಿತು. ಕಿವಿಗೆ ಹಾಕುವ ಸಾಧನ ಕೊಟ್ಟಿದ್ದಾರೆ, ಡ್ರಾಯರಿನಲ್ಲಿದೆ. ಹಾಡಿನವಳ ಅಪ್ಪ ಕಿವುಡ ಎಂದರೆ ನಾಚಿಕೆ ಎಂದು ಹಾಕಿಕೊಳ್ಳಲಿಲ್ಲ. ಅಮ್ಮನಿಗೆ ಗೊತ್ತಿತ್ತು. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದೆ. ನೀನು ಫೋನ್ ಮಾಡಿದಾಗ ಅವಳು ಪಕ್ಕದಲ್ಲಿ ಕೂತು, ನೀನು ಹೇಳಿದ್ದನ್ನೆಲ್ಲ ತುಟಿಯಾಡಿಸಿ ನನಗೆ ಹೇಳುತ್ತಿದ್ದಳು. ಈಗ ಫೋನ್ ಎತ್ತಿ ಏನು ಮಾಡಲಿ? ಆ ದಿನ ನೀನು ನಕ್ಕದ್ದು ಕಂಡಿತು, ಕಣ್ಣು ಹೊಳೆದದ್ದು ಕಂಡಿತು, ಮಾತಾಡುವಾಗ ಮಾತ್ರ ಮೈಕು ನಿನ್ನ ತುಟಿ ಮುಚ್ಚಿತ್ತು. ಗೆದ್ದೆವು ಎಂದು ಹೇಳಿದೆ ಅಂದುಕೊಂಡೆ.

ಇನ್ನೂ ಒಂದಿದೆ. ಅಮ್ಮ ಹೋಗುವ ದಿನ ನನ್ನ ಕೈ ಹಿಡಿದು ಏನೋ ಹೇಳಿದಳು. ದನಿಯೇ ಇರಲಿಲ್ಲ, ತುಟಿಯೂ ಸರಿಯಾಗಿ ಆಡಲಿಲ್ಲ. ಇನ್ನೊಂದು ಸಲ ಹೇಳು ಎಂದು ಕೇಳುವಷ್ಟು ಎದೆ ನನಗಿರಲಿಲ್ಲ. "ಆಯ್ತು ನೊರೀನ್" ಎಂದೆ. ಅವಳು ಕಣ್ಣು ಮುಚ್ಚಿದಳು. ನೀನು ಮಂಚದ ಆಚೆ ಬದಿಯಲ್ಲಿದ್ದೆ, ಕೇಳಿಸಿಕೊಂಡೆ. ಲೊನ್ನಿ ಹೇಳಿದ, "ಆ ಹಾಡಿನಲ್ಲಿ ನೊರೀನ್ ಕೊನೇಲಿ ಹೇಳಿದ್ದೇ ಇದೆ ಕಣೋ, ಎಂಥಾ ಮಾತು!" ನಾನು ಹೌದು ಹೌದು ಎಂದೆ.

ಲೊನ್ನಿ ಕೇಳಿದ, ಮೂಗು ಒರೆಸಿಕೊಂಡ ಆ ಹುಡುಗಿ ಕೇಳಿದಳು, ಇಡೀ ಕ್ಲಬ್ಬು ಕೇಳಿತು. ನನಗೆ ಹೇಳಿದ್ದು, ನಾನೊಬ್ಬನೇ ಕೇಳಿಲ್ಲ. ನಾನು ಯಾವುದಕ್ಕೆ ಆಯ್ತು ಎಂದೆನೋ ನನಗೆ ಗೊತ್ತಿಲ್ಲ ಡೆಸ್ಸಿ. ಒಪ್ಪಿಕೊಂಡದ್ದನ್ನು ಮಾಡಬೇಕಲ್ಲ.

ಆ ಹಾಡನ್ನು ನೀವಿನ್ನೂ ರೆಕಾರ್ಡು ಮಾಡಿಲ್ಲ, ಹಾಗಾಗಿ ಎಲ್ಲೂ ಅಚ್ಚಾಗಿಲ್ಲ. ನೀನೇ ಬರೆದು ಕಳಿಸು. ಅದು ಬರುವ ತನಕ ನಾನು ನಿಂತೇ ಇರುತ್ತೇನೆ, ರುಥಾನ್ ಅಜ್ಜಿಯ ಹಾಗೆ. ದೊಡ್ಡ ಅಕ್ಷರದಲ್ಲಿ ಬರೆಯಬೇಕಾಗಿಲ್ಲ, ಕಣ್ಣು ಚೆನ್ನಾಗಿಯೇ ಇದೆ.